ಹತ್ತಿ ಬಟ್ಟೆ, ನಮ್ಮ ನೀರು, ನಮ್ಮ ಮಳೆಗಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದ ಬಟ್ಟೆ ಬೇರೆ ಇಲ್ಲ. ಜೂನ್ ಬಂದ ಮೇಲೆ ಹತ್ತಿಯಷ್ಟು ಕೆಲಸ ಕೊಡುವ ಬಟ್ಟೆಯೂ ಇಲ್ಲ. ಎರಡಕ್ಕೂ ಕಾರಣ ಒಂದೇ: ಹತ್ತಿ ನೀರನ್ನು ಎಳೆದುಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ಯಾವ ನೀರಲ್ಲಿ ಒಗೆಯುತ್ತೇವೆ, ಬಟ್ಟೆ ಎಷ್ಟು ಹೊತ್ತು ಒದ್ದೆಯಾಗಿ ಉಳಿಯುತ್ತದೆ, ಇವೆರಡು ಹಿಡಿತಕ್ಕೆ ಬಂದರೆ ಹತ್ತಿಯ ಮುಕ್ಕಾಲು ತೊಂದರೆ ಕಳೆಯಿತು. ಕೆಳಗಿನ ಉತ್ತರಗಳೆಲ್ಲ ಕಾಸರಗೋಡಿನ ಕಡೆಯ ನೀರು, ಮಳೆ, ತೋಟದ ಕಲೆಗಳನ್ನು ಲೆಕ್ಕಕ್ಕೆ ಹಿಡಿದು ಬರೆದವು.

ಹತ್ತಿ ಬಟ್ಟೆ ಮೈಗೆ ತಂಪು ಯಾಕೆ?

ಹತ್ತಿಯ ಎಳೆ ಎಂದರೆ ಬೀಜದ ಮೇಲೆ ಬೆಳೆಯುವ ಕೂದಲು. ಒಂದು ಎಳೆ ಒಂದೇ ಜೀವಕೋಶ. ಕಾಯಿ ಒಡೆದು ಒಣಗಿದಾಗ ಕೊಳವೆಯಂತಿದ್ದ ಎಳೆ ಚಪ್ಪಟೆಯಾಗಿ, ತಿರುಚಿದ ರಿಬ್ಬನಿನ ಹಾಗೆ ಆಗುತ್ತದೆ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಇರುವುದು ಸೆಲ್ಯುಲೋಸ್. ಈ ಸೆಲ್ಯುಲೋಸ್ ನೀರಿನ ಹಬೆಯನ್ನು ಹೀರುತ್ತದೆ. 100 ಗ್ರಾಂ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹಿಡಿದುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಮಿಗಿಂತ ಕಡಿಮೆ. ಬೆವರು ಚರ್ಮದ ಮೇಲೆ ಅಂಟಿ ಕೂರದೆ ಬಟ್ಟೆಗೆ ಹೋಗುತ್ತದೆ, ಅಲ್ಲಿಂದ ಆರುವಾಗ ತಂಪು ಅನ್ನಿಸುತ್ತದೆ.

ಇನ್ನೊಂದು ಗುಣ ಹೆಚ್ಚಿನವರಿಗೆ ಗೊತ್ತಿಲ್ಲ. ಹತ್ತಿಯ ನೂಲು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಬೈರಾಸು, ಪಂಚೆ, ಹಾಸುಬಟ್ಟೆಗಳು ವರ್ಷಗಟ್ಟಲೆ ಒಗೆಯುವ ಕಲ್ಲಿನ ಪೆಟ್ಟು ತಡೆಯುವುದು ಇದರಿಂದ.

ಅಂಗಡಿಯಲ್ಲಿ 40, 60, 100 ಕೌಂಟ್ ಎನ್ನುತ್ತಾರೆ. ಏನದು?

ನೂಲು ಎಷ್ಟು ಸಣ್ಣ ಎಂಬುದರ ಅಳತೆ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ನೂಲಿನಲ್ಲಿ 840 ಗಜದ ಎಷ್ಟು ಲಡಿ ಸಿಗುತ್ತದೋ ಅದೇ ಕೌಂಟ್. 40 ಕೌಂಟಿನ ಒಂದು ಪೌಂಡ್ ನೂಲು ಬಿಚ್ಚಿದರೆ 33,600 ಗಜ, ಹೆಚ್ಚುಕಡಿಮೆ 31 ಕಿಲೋಮೀಟರ್. 100 ಕೌಂಟ್ ಆದರೆ ಸುಮಾರು 77 ಕಿಲೋಮೀಟರ್. ಸಂಖ್ಯೆ ಏರಿದಷ್ಟೂ ನೂಲು ತೆಳು, ಬಟ್ಟೆ ನಯ.

ಹೆಚ್ಚು ಕೌಂಟ್ ಎಂದರೆ ಹೆಚ್ಚು ಬಾಳಿಕೆ ಎಂದು ತಿಳಿಯಬೇಡಿ. ತೋಟದ ಕೆಲಸಕ್ಕೆ 20–40 ಕೌಂಟಿನ ದಪ್ಪ ಬಟ್ಟೆಯೇ ಸರಿ. 80ರ ಮೇಲಿನ ಸೀರೆಯನ್ನು ಕಲ್ಲಿಗೆ ಬಡಿದರೆ ಮೊದಲು ಮಡಿಕೆಯ ಗೆರೆಯಲ್ಲಿ ಹರಿಯುತ್ತದೆ. 2/80 ಎಂದು ಬರೆದಿದ್ದರೆ 80 ಕೌಂಟಿನ ಎರಡು ಎಳೆ ಹೊಸೆದ ನೂಲು ಎಂದರ್ಥ. ಅದು ಒಂಟಿ ಎಳೆಗಿಂತ ಗಟ್ಟಿ, ಜುಂಜು ಏಳುವುದೂ ಕಡಿಮೆ.

ಶುದ್ಧ ಹತ್ತಿಯೋ ಮಿಶ್ರವೋ ತಿಳಿಯುವುದು ಹೇಗೆ?

ಬಟ್ಟೆಯ ಅಂಚಿನಿಂದ ಹಾಸಿನ (ಉದ್ದಕ್ಕೆ ಓಡುವ) ಎರಡು ನೂಲು, ಹೊಕ್ಕಿನ (ಅಡ್ಡಕ್ಕೆ ಓಡುವ) ಎರಡು ನೂಲು ಬೇರೆ ಬೇರೆ ಎಳೆಯಿರಿ. ಎರಡೂ ದಿಕ್ಕಿನದನ್ನು ನೋಡಲೇಬೇಕು, ಹಾಸು ಪಾಲಿಯೆಸ್ಟರ್, ಹೊಕ್ಕು ಹತ್ತಿ ಇರುವ ಬಟ್ಟೆ ಬೇಕಾದಷ್ಟು ಬರುತ್ತದೆ. ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡಿ. ಹತ್ತಿ ಕಾಗದದಂತೆ ಉರಿಯುತ್ತದೆ, ಸುಟ್ಟ ಕಾಗದದ್ದೇ ವಾಸನೆ, ಬೂದಿ ಬೆರಳಲ್ಲಿ ಹುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕುಗ್ಗಿ ಕಪ್ಪು ಹೊಗೆ ಬಿಡುತ್ತದೆ, ಕೊನೆಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ಕಾಗದದಂತೆ ಉರಿದು ಸಣ್ಣ ಮಣಿಗಳೂ ಸಿಕ್ಕಿದರೆ ಮಿಶ್ರ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ರೇಯಾನ್, ವಿಸ್ಕೋಸ್ ಕೂಡ ಸೆಲ್ಯುಲೋಸೇ, ಹತ್ತಿಯ ಹಾಗೆಯೇ ಉರಿಯುತ್ತವೆ. ಅಲ್ಲಿ ನೀರನ್ನು ಕೇಳಿ: ನೂಲಿನ ನಡುವೆ ಬೆರಳಿನಿಂದ ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ವಿಸ್ಕೋಸ್ ಒದ್ದೆಯಾದ ಜಾಗದಲ್ಲೇ ಸುಲಭವಾಗಿ ಕಡಿದುಹೋಗುತ್ತದೆ. ಹತ್ತಿ ಒಣಗಿದ ಜಾಗದಲ್ಲಿ ಕಡಿಯುವುದೇ ಹೆಚ್ಚು.

ಮರ್ಸರೈಸ್ಡ್ ಎಂದರೆ?

ಕಾಸ್ಟಿಕ್ ಸೋಡಾದಲ್ಲಿ ಹದಗೊಳಿಸಿದ ಹತ್ತಿ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡದ್ದು. ಎಳೆ ಉಬ್ಬಿ ದುಂಡಗಾಗುವುದರಿಂದ ಹೊಳಪು ಬರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಒಗೆಯುವ ಕ್ರಮದಲ್ಲಿ ವ್ಯತ್ಯಾಸವಿಲ್ಲ.

ಖಾದಿ, ಕೈಮಗ್ಗ, ಯಂತ್ರಮಗ್ಗ: ಆರೈಕೆ ಬೇರೆಯೇ?

ಖಾದಿಯಲ್ಲಿ ನೂಲುವುದೂ ಕೈಯಿಂದ, ನೇಯುವುದೂ ಕೈಯಿಂದ. ಕೈಮಗ್ಗದ ಬಟ್ಟೆಗೆ ನೂಲು ಗಿರಣಿಯದಾಗಿರಬಹುದು, ನೇಯ್ಗೆ ಕೈಯದು. 2006ರಲ್ಲಿ ಶುರುವಾದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದನ್ನು ಗುರುತಿಸಲು ನೆರವಾಗುತ್ತದೆ. ನಮ್ಮ ಕಾಸರಗೋಡು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಕೊಳ್ಳುವಾಗ ಆ ಗುರುತನ್ನು ಧೈರ್ಯವಾಗಿ ಕೇಳಿ ನೋಡಿ. ಮಗ್ಗದ ಮುಂದೆ ದಿನಗಟ್ಟಲೆ ಕೂತವರ ಕೂಲಿ ಅದರ ಬೆಲೆಯಲ್ಲಿದೆ.

ಆರೈಕೆಯಲ್ಲಿ ಮುಖ್ಯವಾದದ್ದು ಗಂಜಿ. ಮಗ್ಗಕ್ಕೆ ಏರುವ ಮುಂಚೆ ಹಾಸಿನ ನೂಲಿಗೆ ಗಂಜಿ ಹಚ್ಚಿರುತ್ತಾರೆ. ಹೊಸ ಸೀರೆ ಗಡುಸಾಗಿ ನಿಲ್ಲುವುದು ಅದರಿಂದ. ಎರಡು ಮೂರು ಒಗೆತಕ್ಕೆ ಆ ಗಂಜಿ ಹೋಗಿ ಬಟ್ಟೆ ಮೆತ್ತಗಾಗುತ್ತದೆ, ನೇಯ್ಗೆ ಸ್ವಲ್ಪ ಕೂಡಿಕೊಳ್ಳುತ್ತದೆ. ಬಟ್ಟೆ ಕೆಟ್ಟಿತೆಂದು ಗಾಬರಿ ಬೇಡ.

ಹೊಸ ಬಟ್ಟೆ ಗಿಡ್ಡ ಆಗದ ಹಾಗೆ ಏನು ಮಾಡಬೇಕು?

ಮಗ್ಗದಲ್ಲಿ ನೂಲು ಬಿಗಿಯಾಗಿ ಎಳೆದ ಸ್ಥಿತಿಯಲ್ಲಿರುತ್ತದೆ. ಮೊದಲ ಸಲ ನೀರು ಕುಡಿದಾಗ ಆ ಬಿಗಿ ಸಡಿಲಿ ನೂಲು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಇದನ್ನು ತಪ್ಪಿಸಲು ಆಗದು, ಹೊಲಿಸುವ ಮುಂಚೆಯೇ ಮುಗಿಸಿಬಿಡಬಹುದು. ನೇಯ್ದ ಬಟ್ಟೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ಟೀ ಶರ್ಟಿನಂಥ ಹೆಣೆದ ಬಟ್ಟೆ ಇನ್ನೂ ಹೆಚ್ಚು.

ಬಟ್ಟೆಯನ್ನು ಮಡಿಚಿ, ಪೂರ್ತಿ ಮುಳುಗುವಷ್ಟು ತಣ್ಣೀರಲ್ಲಿ ರಾತ್ರಿಯಿಡೀ ನೆನೆಹಾಕಿ. ಹಿಂಡದೆ ಎತ್ತಿ, ನೀರು ಇಳಿಯಲು ಬಿಟ್ಟು, ನೆರಳಲ್ಲಿ ಒಣಗಿಸಿ. ಅರೆ ಒದ್ದೆ ಇರುವಾಗಲೇ ಇಸ್ತ್ರಿ ಹಾಕಿ ಟೈಲರಿಗೆ ಕೊಡಿ. ಚೂಡಿದಾರಿನ ಲೈನಿಂಗ್ ಬಟ್ಟೆಯನ್ನೂ ಹೀಗೇ ನೆನೆಸಬೇಕು. ಮೇಲಿನದು ಕುಗ್ಗದೆ ಲೈನಿಂಗ್ ಮಾತ್ರ ಕುಗ್ಗಿದರೆ ಹೊಲಿಗೆ ಸುಕ್ಕುಗಟ್ಟಿ ಎಳೆಯುತ್ತದೆ, ಬಿಚ್ಚಿ ಹೊಲಿಯದೆ ಸರಿಯಾಗದು. ರೆಡಿಮೇಡ್ ಕೊಳ್ಳುವಾಗ ಪ್ರೀಶ್ರಂಕ್ ಅಥವಾ ಸ್ಯಾನ್‌ಫೊರೈಸ್ಡ್ ಎಂದಿದ್ದರೆ ಕುಗ್ಗಿಸುವ ಕೆಲಸ ಗಿರಣಿಯಲ್ಲೇ ಆಗಿದೆ.

ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಯೇ?

ಇಲ್ಲ. ಬಣ್ಣ ಹಾಕುವಾಗ ಉಪ್ಪು ಬಳಸುವುದು ನಿಜ. ಬಣ್ಣವನ್ನು ನೀರಿನಿಂದ ನೂಲಿನ ಕಡೆ ತಳ್ಳಲು ಅದು ಬೇಕು. ಆದರೆ ನೂಲಿಗೆ ಕಟ್ಟಿಕೊಳ್ಳದೆ ಉಳಿದ ಬಣ್ಣವನ್ನು ಮನೆಯ ಬಾಲ್ದಿಯ ಉಪ್ಪು ಕಟ್ಟಿಹಾಕುವುದಿಲ್ಲ. ಆ ಹೊತ್ತಿಗೆ ಬಣ್ಣ ಬಿಡುವುದು ಕಡಿಮೆಯಾದಂತೆ ಕಾಣುತ್ತದೆ, ಮುಂದಿನ ಒಗೆತದಲ್ಲಿ ಮತ್ತೆ ಬಿಡುತ್ತದೆ. ವಿನಿಗರ್ ಕತೆಯೂ ಅಷ್ಟೇ.

ಸರಿಯಾದ ದಾರಿ ಹೆಚ್ಚುವರಿ ಬಣ್ಣವನ್ನು ಹೊರಹಾಕುವುದು. ಬೇರೆಯಾಗಿ, ಧಾರಾಳ ತಣ್ಣೀರಲ್ಲಿ, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಜಾಲಾಡಿಸಿ. ಬಣ್ಣ ಬಿಡುವ ಬಟ್ಟೆಯನ್ನು ನೆನೆಹಾಕಿ ಮರೆಯಬೇಡಿ, ಒದ್ದೆ ಮುದ್ದೆ ಮಾಡಿ ಬಕೆಟಿನಲ್ಲಿ ಬಿಡಬೇಡಿ. ಬಿಳಿ ಒಡಲಿನ ಕೆಂಪು ಅಂಚು ಒಡಲಿಗೆ ಹತ್ತುವುದು ಒಗೆಯುವಾಗಿನಕ್ಕಿಂತ ಹೀಗೆ ಬಿಟ್ಟಾಗಲೇ ಹೆಚ್ಚು. ಮುಂಚಿತವಾಗಿ ತಿಳಿಯಲು, ಒಳಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ತುಂಡು ಇಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿ ತುಂಡಿಗೆ ಬಣ್ಣ ಹತ್ತಿದರೆ ಅದನ್ನು ಒಂಟಿಯಾಗಿಯೇ ಒಗೆಯಬೇಕು.

ಸಾಬೂನು ಹುಡಿ ಎಷ್ಟು?

ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು, ಕೆಂಪುಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೆದು. ಮೆದು ನೀರಲ್ಲಿ ನೊರೆ ಬೇಗ ಬರುತ್ತದೆ, ಪ್ಯಾಕೆಟಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಸಾಕು. 10 ಲೀಟರಿಗೆ ಒಂದು ದೊಡ್ಡ ಚಮಚದಿಂದ ಶುರುಮಾಡಿ ನೋಡಿ. ಹುಡಿ ಹೆಚ್ಚಾಗಿ ಸರಿಯಾಗಿ ಜಾಲಾಡದಿದ್ದರೆ ಅದು ನೂಲಲ್ಲಿ ಉಳಿದು ಬಟ್ಟೆ ಗಡುಸಾಗುತ್ತದೆ, ಮೈ ತುರಿಸುತ್ತದೆ. ಅರ್ಧ ಗಂಟೆ ನೆನೆದರೆ ಧಾರಾಳವಾಯಿತು.

ಎಷ್ಟು ಒಗೆದರೂ ಬಿಳಿ ಪಂಚೆ ಹಳದಿಯಾಗುತ್ತಿದೆ. ಯಾಕೆ?

ಮೊದಲು ನೀರನ್ನು ಅನುಮಾನಿಸಿ. ಕೊಳವೆಬಾವಿಯ ನೀರನ್ನು ಬಿಳಿ ಬಕೆಟಿನಲ್ಲಿ ತುಂಬಿಸಿ ರಾತ್ರಿ ಇಡಿ. ತುಂಬಿಸುವಾಗ ತಿಳಿಯಾಗಿದ್ದ ನೀರು ಬೆಳಿಗ್ಗೆ ಹಳದಿಯಾಗಿ ತಳದಲ್ಲಿ ಕೆಂಚು ಹುಡಿ ಕೂತಿದ್ದರೆ ಕಬ್ಬಿಣದ ಅಂಶ ಇದೆ. ನೆಲದಡಿಯಲ್ಲಿ ಕರಗಿದ್ದ ಕಬ್ಬಿಣ ಗಾಳಿ ತಾಗಿದಾಗ ತುಕ್ಕಾಗುತ್ತದೆ. ಅದೇ ಕೆಲಸ ಬಟ್ಟೆಯೊಳಗೆ ಆದರೆ ಪಂಚೆ ಹಳದಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಬ್ಲೀಚ್ ಹಾಕುವುದು. ಬ್ಲೀಚ್ ಉಳಿದ ಕಬ್ಬಿಣವನ್ನೂ ತುಕ್ಕು ಮಾಡಿ ಬಟ್ಟೆಗೆ ಕೂರಿಸುತ್ತದೆ, ಹಳದಿ ಇನ್ನಷ್ಟು ಗಾಢವಾಗುತ್ತದೆ. ತುಕ್ಕನ್ನು ಕರಗಿಸುವುದು ಹುಳಿ. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಹರಳು ಹಾಕಿ ಅರ್ಧ ಗಂಟೆ ನೆನೆಸಿ, ಮೂರು ನೀರಲ್ಲಿ ಜಾಲಾಡಿಸಿ. ಹಠಮಾರಿ ತುಕ್ಕಿಗೆ ಲೀಟರಿಗೆ ಒಂದು ಸಣ್ಣ ಚಮಚ ಆಕ್ಸಾಲಿಕ್ ಆಸಿಡ್, 10 ನಿಮಿಷ. ಇದು ವಿಷ. ಪ್ಲಾಸ್ಟಿಕ್ ಬಕೆಟು, ಕೈಗವಸು ಬೇಕೇ ಬೇಕು, ಮಕ್ಕಳ ಕೈಗೆ ಸಿಗಬಾರದು. ಹಿತ್ತಿಲ ಬಿಂಬುಳಿಯಲ್ಲೂ ಇದೇ ಆಕ್ಸಾಲಿಕ್ ಹುಳಿ ಇದೆ. ಸಣ್ಣ ತುಕ್ಕಿನ ಚುಕ್ಕೆಗೆ ಬಿಂಬುಳಿ ಸೀಳಿ ಉಜ್ಜಿ, ಹತ್ತು ನಿಮಿಷ ಬಿಟ್ಟು ತೊಳೆದರೆ ಸಾಕಾಗುತ್ತದೆ.

ಯಾವ ಹುಳಿಯನ್ನೂ ಬಟ್ಟೆಯಲ್ಲೇ ಒಣಗಲು ಬಿಡಬೇಡಿ. ನೀರು ಆರಿದಂತೆ ಹುಳಿ ಪ್ರಬಲವಾಗುತ್ತದೆ, ಮೇಲೆ ಇಸ್ತ್ರಿಯ ಬಿಸಿ ಬಿದ್ದರೆ ಆ ಜಾಗದ ನೂಲು ಸತ್ತು ತಿಂಗಳೊಳಗೆ ತೂತಾಗುತ್ತದೆ.

ತೋಟದ ಕಲೆಗಳನ್ನು ತೆಗೆಯುವುದು ಹೇಗೆ?

ಅಡಿಕೆ ಚೊಗರಿನಿಂದ ಶುರುಮಾಡೋಣ. ಚೊಗರಿನಲ್ಲಿರುವುದು ಟ್ಯಾನಿನ್ ಎಂಬ ಒಗರು ಅಂಶ. ಹಸಿಯಾಗಿದ್ದಾಗ ಅದು ತಿಳಿ ಕಂದು. ಕಬ್ಬಿಣದ ನೀರು ತಾಗಿದರೆ ಕಪ್ಪಾಗುತ್ತದೆ, ಹಿಂದಿನ ಕಾಲದ ಶಾಯಿ ಆಗುತ್ತಿದ್ದದ್ದೂ ಇದೇ ಕೂಟದಿಂದ. ಬಾರ್ ಸಾಬೂನಿನ ಕ್ಷಾರವೂ ಚೊಗರನ್ನು ಗಾಢ ಮಾಡುತ್ತದೆ. ಹಾಗಾಗಿ ಅಡಿಕೆ ಸುಲಿದ ಅಂಗಿಗೆ ನೇರ ಸಾಬೂನು ಉಜ್ಜಬಾರದು. ಮೊದಲು ಬರೀ ನೀರಲ್ಲಿ, ಬಾವಿಯದೋ ಮಳೆಯದೋ ಆದರೆ ಒಳ್ಳೆಯದು, ಚೆನ್ನಾಗಿ ತೊಳೆಯಿರಿ. ನಂತರ ಲಿಂಬೆ ರಸ ಅಥವಾ ಸಿಟ್ರಿಕ್ ನೀರು, ಹದಿನೈದು ನಿಮಿಷ. ಜಾಲಾಡಿಸಿದ ಮೇಲೆ ಸಾಬೂನು ಹುಡಿ. ಕಪ್ಪಾಗಿಯೇ ಹೋಗಿದ್ದರೆ ಬಿಳಿ ಬಟ್ಟೆಗೆ ಮೇಲೆ ಹೇಳಿದ ಆಕ್ಸಾಲಿಕ್ ಕ್ರಮ.

ಬಾಳೆಯ ಸೊನೆ ಬಿದ್ದಾಗ ಬಣ್ಣವೇ ಇರುವುದಿಲ್ಲ, ಅದೇ ಅದರ ಮೋಸ. ಗಾಳಿ ತಾಗಿ ಕಂದಾಗುವ ಹೊತ್ತಿಗೆ ನೂಲಿನೊಳಗೆ ಕೂತಿರುತ್ತದೆ. ಗೊನೆ ಕಡಿದ ಕೂಡಲೇ, ಹತ್ತು ನಿಮಿಷದೊಳಗೆ, ನೀರು ಸುರಿದು ಲಿಂಬೆ ಉಜ್ಜಿ ತೊಳೆದರೆ ಬಹಳಷ್ಟು ಹೋಗುತ್ತದೆ. ಒಣಗಿದ ಕಲೆ ಮಾಸುತ್ತದೆ, ಪೂರ್ತಿ ಹೋಗುವುದು ಅಪರೂಪ. ಬಾಳೆ ಕಡಿಯಲು ಒಂದು ಅಂಗಿ ಬೇರೆಯೇ ಇಡುವುದು ಬುದ್ಧಿವಂತಿಕೆ. ಗೇರುಬೀಜದ ಸಿಪ್ಪೆಯ ಎಣ್ಣೆಗೂ ಇದೇ ಮಾತು.

ರಬ್ಬರ್ ಹಾಲು ಹಸಿಯಾಗಿದ್ದರೆ ತಣ್ಣೀರಲ್ಲಿ ಕೂಡಲೇ ತೊಳೆಯಿರಿ. ಹುಳಿ ಮಾತ್ರ ತಾಗಿಸಬೇಡಿ, ಹಾಲು ಅಲ್ಲೇ ಹೆಪ್ಪುಗಟ್ಟುತ್ತದೆ. ಒಣಗಿದ್ದನ್ನು ಉಗುರಿನಿಂದ ಎಬ್ಬಿಸಿ ಸುಲಿದು, ಉಳಿದದ್ದಕ್ಕೆ ಹಿಂದಿನಿಂದ ಚಿಮಿಣಿ ಎಣ್ಣೆ ಅದ್ದಿದ ಬಟ್ಟೆ ಒತ್ತಿ ಮೆತ್ತಗೆ ಮಾಡಿ ಉಜ್ಜಿ. ಬೆಂಕಿಯಿಂದ ದೂರ ಮಾಡಬೇಕಾದ ಕೆಲಸ. ಆಮೇಲೆ ಪಾತ್ರೆ ತೊಳೆಯುವ ದ್ರವ.

ಅರಸಿನ ಸಾಬೂನು ತಾಗಿದಾಗ ಕೆಂಪಾಗುತ್ತದೆ, ಹೆದರಬೇಡಿ. ಒಗೆದು ಕಲೆ ಮೇಲೆ ಬರುವಂತೆ ಬಿಸಿಲಿಗೆ ಹಾಕಿ. ಅರಸಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ, ಎರಡು ಮೂರು ದಿನದಲ್ಲಿ ಮಾಸುತ್ತದೆ. ತೆಂಗಿನೆಣ್ಣೆ ಚೆಲ್ಲಿದರೆ ಮೊದಲು ಕಡ್ಲೆಹುಡಿ ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಿ, ಒಣ ಬಟ್ಟೆಗೇ ಪಾತ್ರೆ ತೊಳೆಯುವ ದ್ರವ ಹಚ್ಚಿ ಆಮೇಲೆ ನೀರು. ಕೆಂಪು ಮಣ್ಣನ್ನು ಒದ್ದೆ ಇರುವಾಗ ಉಜ್ಜಬೇಡಿ, ಒಣಗಿಸಿ ಬ್ರಷ್‌ನಿಂದ ಉದುರಿಸಿ ಒಗೆಯಿರಿ. ರಕ್ತಕ್ಕೆ ತಣ್ಣೀರು ಮಾತ್ರ.

ಮಳೆಗಾಲದಲ್ಲಿ ಬಟ್ಟೆಗೆ ಕರಿ ಚುಕ್ಕೆ ಬೀಳುತ್ತದೆ. ಏನು ಮಾಡಬೇಕು?

ಮಲಯಾಳದಲ್ಲಿ ಕರಿಂಬನ್ ಎನ್ನುವ ಈ ಚುಕ್ಕೆ ಒಂದು ಬಗೆಯ ಬೂಷ್ಟು. ಅದಕ್ಕೆ ಸೆಲ್ಯುಲೋಸ್, ಗಂಜಿ, ಬೆವರು ಎಲ್ಲವೂ ಆಹಾರ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಬೆವರಿದ ಅಂಗಿಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಿದರೆ ಎರಡು ದಿನದಲ್ಲಿ ಬೂಷ್ಟು ಬೇರು ಬಿಡುತ್ತದೆ. ಚುಕ್ಕೆ ಕಣ್ಣಿಗೆ ಬೀಳುವ ಹೊತ್ತಿಗೆ ಅದು ನೂಲಿನ ಒಳಗಿರುವುದರಿಂದ ಬರೀ ಸಾಬೂನಿಗೆ ಜಗ್ಗದು.

ಬಿಳಿ ಹತ್ತಿಗೆ: ಒಣಗಿದ ಬಟ್ಟೆಯನ್ನು ಹೊರಗೆ ಬ್ರಷ್ ಮಾಡಿ, ಒಂದು ಸಲ ಒಗೆಯಿರಿ. 5 ಲೀಟರ್ ತಣ್ಣೀರಿಗೆ 50 ಮಿಲಿಲೀಟರ್ ಕ್ಲೋರಿನ್ ಬ್ಲೀಚ್ ಬೆರೆಸಿ, ಆಮೇಲೆ ಬಟ್ಟೆ ಮುಳುಗಿಸಿ 10 ನಿಮಿಷ ಇಟ್ಟು, ಮೂರು ನೀರಲ್ಲಿ ಜಾಲಾಡಿಸಿ. ಚುಕ್ಕೆ ಉಳಿದರೆ ಇನ್ನೊಂದು ದಿನ ಮತ್ತೊಮ್ಮೆ ಮಾಡಿ, ಬ್ಲೀಚಿನ ಪ್ರಮಾಣ ಏರಿಸಬೇಡಿ. ಹೆಚ್ಚಾದ ಬ್ಲೀಚ್ ಚುಕ್ಕೆಯ ಜೊತೆ ನೂಲನ್ನೂ ತಿನ್ನುತ್ತದೆ. ಬ್ಲೀಚಿಗೆ ಲಿಂಬೆ, ವಿನಿಗರ್, ಟಾಯ್ಲೆಟ್ ಆಸಿಡ್, ಅಮೋನಿಯಾ ಯಾವುದನ್ನೂ ಸೇರಿಸಬೇಡಿ. ಏಳುವ ಗಾಳಿ ಉಸಿರಾಟಕ್ಕೆ ಅಪಾಯ. ಕಸವಿನ (ಚಿನ್ನದ ಬಣ್ಣದ ಜರಿಯ) ಅಂಚಿಗೂ ಬ್ಲೀಚ್ ತಾಗಬಾರದು.

ಬಣ್ಣದ ಬಟ್ಟೆಗೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್ ಒಳ್ಳೆಯದು: 3 ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ, ಒಂದು ಗಂಟೆ. ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಹುಳಿ ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಹಾಕುವ ಹಳೆಯ ಕ್ರಮ ಹೊಸ, ತೆಳು ಚುಕ್ಕೆಗೆ ಸ್ವಲ್ಪ ಮಟ್ಟಿಗೆ ಆಗುತ್ತದೆ.

ಬಿಸಿಲೇ ಇಲ್ಲದಾಗ ಒಣಗಿಸುವುದು ಹೇಗೆ?

ಒಣಗಿಸುವುದು ಬಿಸಿಲಿಗಿಂತ ಹೆಚ್ಚಾಗಿ ಗಾಳಿ. ಬಟ್ಟೆಗಳ ನಡುವೆ ಒಂದು ಗೇಣು ಜಾಗ ಬಿಡಿ, ಪಂಚೆ, ಹಾಸುಬಟ್ಟೆಗಳನ್ನು ಎರಡು ಹಗ್ಗಕ್ಕೆ ಹರಡಿ, ಫ್ಯಾನ್ ಅಡ್ಡಲಾಗಿ ಬೀಸಲಿ. ಮೆಷಿನ್ ಇದ್ದರೆ ಕೈಯಲ್ಲಿ ಒಗೆದದ್ದನ್ನೂ ಸ್ಪಿನ್ ಮಾಡಿ ತೆಗೆಯಿರಿ, ಒಣಗುವ ಹೊತ್ತು ಅರ್ಧಕ್ಕಿಳಿಯುತ್ತದೆ.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಶೆಡ್ ಮಳೆಗಾಲದಲ್ಲಿ ಖಾಲಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡೂ ಬದಿ ತೆರೆದಿಡಿ, ಇಲ್ಲದಿದ್ದರೆ ಬಟ್ಟೆಯಿಂದ ಎದ್ದ ಹಬೆ ಮಾಡಿಗೆ ತಾಗಿ ಹನಿಯಾಗಿ ಮತ್ತೆ ಬಟ್ಟೆಗೇ ಬೀಳುತ್ತದೆ. ಹಗ್ಗ ನೈಲಾನಿನದಿರಲಿ. ತಂತಿ ತುಕ್ಕಿನ ಗೆರೆ ಬಿಡುತ್ತದೆ, ತೆಂಗಿನ ನಾರಿನ ಹಗ್ಗ ಒದ್ದೆಯಾದರೆ ಕಂದು ಬಣ್ಣ ಬಿಡುತ್ತದೆ.

ಗಂಜಿ ಹಾಕುವ ಸರಿಯಾದ ಕ್ರಮ?

ಕುಚ್ಚಿಲಕ್ಕಿಯ ತೆಳಿ ಬಿಳಿ ಬಟ್ಟೆಗೆ ಬೇಡ, ಕೆಂಬಣ್ಣ ಹಿಡಿಯುತ್ತದೆ. ಬೆಳ್ತಿಗೆ ಅನ್ನದ ತೆಳಿ ಆಗಬಹುದು. ಎಲ್ಲಕ್ಕಿಂತ ನಯ ಕೂವೆ (ಆರೋರೂಟ್) ಹುಡಿಯದು. ಒಂದು ಸೀರೆಗೆ ಎರಡು ದೊಡ್ಡ ಚಮಚ ಕೂವೆ ಹುಡಿಯನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕದಡಿ. ಕುದಿಯುವ ಒಂದು ಲೀಟರ್ ನೀರಿಗೆ ಎಳೆಯಾಗಿ ಸುರಿಯುತ್ತಾ ತಿರುಗಿಸಿ. ಹಾಲಿನ ಬಿಳಿ ಹೋಗಿ ಗಾಜಿನ ಹಾಗೆ ತಿಳಿಯಾದಾಗ ಬೆಂದಂತೆ. ಸೋಸಿ, ಎರಡು ಲೀಟರ್ ತಣ್ಣೀರು ಸೇರಿಸಿ. ಸೀರೆಯನ್ನು ಮೊದಲು ಬರೀ ನೀರಲ್ಲಿ ಒದ್ದೆ ಮಾಡಿ ಹಿಂಡಿ ಆಮೇಲೆ ಅದ್ದಬೇಕು. ಒಣ ಬಟ್ಟೆ ಅದ್ದಿದರೆ ಮೊದಲು ತಾಗಿದ ಜಾಗ ಹೆಚ್ಚು ಕುಡಿದು ತೇಪೆ ತೇಪೆಯಾಗುತ್ತದೆ. ಗಾಢ ಬಣ್ಣದ ಸೀರೆಯನ್ನು ಒಳಮೈ ಹೊರಗೆ ಮಾಡಿ ಒಣಗಿಸಿ, ಬಿಳಿ ಪುಡಿ ಕಾಣದು.

ಇಸ್ತ್ರಿ ಪೆಟ್ಟಿಗೆಯ ಬಿಸಿ?

ಮೂರು ಚುಕ್ಕೆ, ಸುಮಾರು 200 ಡಿಗ್ರಿ. ಅರೆ ಒದ್ದೆಯಲ್ಲೇ ಹಾಕಿ, ಪೂರ್ತಿ ಒಣಗಿದ ಹತ್ತಿಯ ಸುಕ್ಕು ಬಿಡದು. ಪಾಲಿಯೆಸ್ಟರ್ ಮಿಶ್ರಕ್ಕೆ ಎರಡು ಚುಕ್ಕೆ ಸಾಕು. ಕಸವಿನ ಮೇಲೆ ತೆಳು ಬಟ್ಟೆ ಹಾಸಿ.

ಬಳಸದ ಸೀರೆ, ಪಂಚೆಗಳನ್ನು ಹೇಗೆ ಇಡಬೇಕು?

ಮೇ ತಿಂಗಳ ಬಿಸಿಲು ಇರುವಾಗಲೇ ಗಂಜಿ ತೊಳೆದು, ಪೂರ್ತಿ ಒಣಗಿಸಿ. ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲಕ್ಕೆ ಪೆಟ್ಟಿಗೆಯಲ್ಲಿಡುವುದು ಬೂಷ್ಟಿಗೂ ಬೆಳ್ಳಿಹುಳಕ್ಕೂ ಊಟ ಬಡಿಸಿಟ್ಟಂತೆ. ಇಸ್ತ್ರಿಯ ಬಿಸಿ ಆರುವವರೆಗೆ ಮಡಿಚಿ ಒಳಗಿಡಬೇಡಿ, ಉಳಿದ ಹಬೆ ಒಳಗೇ ಸಿಕ್ಕಿಬೀಳುತ್ತದೆ. ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿ. ಕಬ್ಬಿಣದ ಕಪಾಟಿನ ತಟ್ಟೆಗೆ ಬಟ್ಟೆ ಹಾಸಿ, ಗೋಡೆಗೆ ಒತ್ತಿ ಇಡಬೇಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಚಿಟ್ಟ ಸೀರೆ ಆ ಗೆರೆಯಲ್ಲೇ ಸೀಳುತ್ತದೆ. ಲಾವಂಚದ ಬೇರು ಇಟ್ಟರೆ ಪರಿಮಳ ಬರುತ್ತದೆ, ತೇವವನ್ನು ಅದು ತಡೆಯುವುದಿಲ್ಲ.

ಸವೆದ ಹತ್ತಿ ಬಟ್ಟೆ ಇನ್ನೇನಕ್ಕೆ ಬರುತ್ತದೆ?

ನೂರಾರು ಒಗೆತ ಕಂಡ ಪಂಚೆಯಷ್ಟು ಮೆತ್ತಗಿನದು, ನೀರು ಹೀರುವುದು ಅಂಗಡಿಯಲ್ಲಿ ಸಿಗದು. ಕುದಿಸಿ ಬಿಸಿಲಲ್ಲಿ ಒಣಗಿಸಿದರೆ ಹಸುಗೂಸಿಗೆ ಸುತ್ತಲು ಅದೇ ಒಳ್ಳೆಯದು. ಅಂಚಿನ ಬಲವಾದ ಪಟ್ಟಿಯನ್ನು ಕತ್ತರಿಸಿ ಕಟ್ಟುವ ದಾರಕ್ಕೆ ಇಡಿ, ಒಡಲನ್ನು ಒಂದು ಮೊಳದ ತುಂಡು ಮಾಡಿ ನಾಲ್ಕು ಪದರ ಹೊಲಿದರೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ. ಪಾಲಿಯೆಸ್ಟರ್ ಬೆರೆತದ್ದನ್ನು ಮಾತ್ರ ಒಲೆಯ ಹತ್ತಿರ ತರಬೇಡಿ. ಹತ್ತಿ ಸುಟ್ಟರೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಕೈಗೆ ಅಂಟುತ್ತದೆ.